ರಕ್ತವೋ, ಸಂಗವೋ?

ಜಯನಗರದ ಸದ್ಗೃಹಸ್ಥರೊಬ್ಬರ ಮನೆಯಲ್ಲಿ ಹದಿನಾಲ್ಕರ ಬಾಲಕನು ಹಣ ಕದ್ದು ಸಿಕ್ಕಿಬಿದ್ದನೆಂದು ಭಾವಿಸೋಣ. ತಂದೆಯ ಬಾಯಿಂದ ಮೊದಲು ಹೊರಡುವ ಮಾತು, "ಇವನದು ಸೋದರಮಾವನ ರಕ್ತ" ಎಂಬುದು. ತಾಯಿಯೋ ಪಕ್ಕದ ಬೀದಿಯ ಗೆಳೆಯರನ್ನು ದೂರುತ್ತಾಳೆ. ಒಬ್ಬರದು ಬೀಜಪಕ್ಷ, ಇನ್ನೊಬ್ಬರದು ಕ್ಷೇತ್ರಪಕ್ಷ. ವಾದವು ಮುಗಿಯುವಷ್ಟರಲ್ಲಿ ಬಾಲಕನು ಉಣ್ಣದೆ ಮಲಗಿರುತ್ತಾನೆ.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಅಮೆರಿಕ ದೇಶದಲ್ಲಿ ಸೇನಾಸೇವೆ ಸಲ್ಲಿಸಿದ 3,226 ಜೊತೆ ಅವಳಿ ಸಹೋದರರನ್ನು ವಿಚಾರಿಸಿ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಫಲವು ಮನನಯೋಗ್ಯವಾಗಿದೆ. ಹದಿನೈದು ವರ್ಷದೊಳಗಿನ ದುರ್ನಡತೆಯಲ್ಲಿ, ಸಹೋದರರಿಬ್ಬರಿಗೂ ಸಮಾನವಾದ ಮನೆ-ಕೇರಿಗಳ ಪ್ರಭಾವವು ಅನುವಂಶದ್ದಕ್ಕಿಂತ ಹೆಚ್ಚು. ಪ್ರೌಢ ವಯಸ್ಸಿನಲ್ಲಿ ಅನುವಂಶದ್ದೇ ಹೆಚ್ಚು. ಇದು ವಿಪರೀತವಾಗಿ ತೋರಬಹುದು. ಆದರೆ ಬಾಲಕನು ತಂದೆತಾಯಿಗಳು ಇರಿಸಿದಲ್ಲಿ ಇರುತ್ತಾನೆ. ಬೆಳೆದವನು ತನ್ನ ಒಲವಿಗೆ ತಕ್ಕ ಸಂಗವನ್ನು ತಾನೇ ಅರಸಿಕೊಳ್ಳುತ್ತಾನೆ. ಹೀಗೆ ಹುಟ್ಟುಗುಣವು ಸಂಗದ ಮೂಲಕವೇ ಬಲಗೊಳ್ಳುವುದುಂಟು. ಮೇಲಾಗಿ ಈ ಲೆಕ್ಕವು ಜನಸಮೂಹದೊಳಗಿನ ವ್ಯತ್ಯಾಸಗಳದೇ ಹೊರತು ಒಬ್ಬ ಬಾಲಕನ ಹಣೆಬರಹವಲ್ಲ. ಜಯನಗರಕ್ಕೆ ಸಮೀಪದ ನಿಮ್ಹಾನ್ಸ್ ಸಂಸ್ಥೆಯೂ ಪರದೇಶದ ವಿದ್ವಾಂಸರೊಡಗೂಡಿ, 2016ರಿಂದ ಭಾರತದ ಏಳು ಕೇಂದ್ರಗಳಲ್ಲಿ ಸುಮಾರು 9 ಸಾವಿರ ಮಕ್ಕಳನ್ನೂ ತರುಣರನ್ನೂ ಇದೇ ದೃಷ್ಟಿಯಿಂದ ಅಭ್ಯಸಿಸಿದೆ.

ರಕ್ತವನ್ನೇ ದೂರುವವರು ನಮ್ಮ ನಾಡಿನ ಇತಿಹಾಸವನ್ನೂ ನೆನೆಯಬೇಕು. 1871ರ ಅಪರಾಧಿ ಬುಡಕಟ್ಟುಗಳ ಶಾಸನವು ಕೆಲವು ಕುಲಗಳವರನ್ನು ಹುಟ್ಟಿನಿಂದಲೇ ಕಳ್ಳರೆಂದು ಎಣಿಸಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕಾವಲಿನೊಳಗೆ ನೆಲೆಗೊಳಿಸಿದ ಸ್ಥಳಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಹೆಸರೇ ಉಳಿದಿದೆ. ಶಾಸನವು 1952ರಲ್ಲಿ ರದ್ದಾಯಿತು. ಆ ಕುಲದವರ ಮೇಲಣ ಸಂಶಯವು ಇನ್ನೂ ಪೂರ್ಣವಾಗಿ ತೊಲಗಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆಯೆಂಬವನಿದ್ದನು. ಗೋಡೆಗೆ ಕನ್ನ ಕೊರೆದು ಕದಿಯುವುದು ಅವನ ಪೂರ್ವವೃತ್ತಿಯೆಂದು ಸಂಪ್ರದಾಯವು ಹೇಳುತ್ತದೆ. ಅವನ ವಚನಗಳು ಉಳಿದು ಬಂದಿವೆ. ಹೆಸರಿನಲ್ಲಿ ಕನ್ನವೂ ಉಳಿದು ಬಂದಿದೆ. ಹಿಂದಿನ ಕಸುಬನ್ನು ಮರೆಮಾಚದೆ, ಆ ಹೆಸರಿನೊಡನೆಯೇ ಅವನನ್ನು ತಮ್ಮವನೆಂದು ಎಣಿಸಿದ ಪರಂಪರೆಯಿದು. ಮಗನ ಒಂದು ಕಳವಿಗೆ ವಂಶಾವಳಿಯನ್ನೇ ಬಿಚ್ಚುವ ಭಕ್ತನು ಇದನ್ನು ಎಷ್ಟುಮಟ್ಟಿಗೆ ಅರಿತಿದ್ದಾನೆಂಬುದು ವಿಚಾರಣೀಯ.

ಹಾಗಾದರೆ ಕಳವು ಕ್ಷಮ್ಯವೆ? ಎಂದಿಗೂ ಅಲ್ಲ. ಕದ್ದ ಹಣವನ್ನು ಬಾಲಕನು ತನ್ನ ಕೈಯಾರೆ ಹಿಂದಿರುಗಿಸಬೇಕು. ಒಲವು ಹುಟ್ಟಿನಿಂದ ಬಂದುದಾದರೂ ಕೃತಿಯು ಅವನದೇ. ಆದರೆ "ನೀನು ಕಳ್ಳರ ವಂಶದವನು" ಎಂದು ಮನೆಯಲ್ಲಿ ದಿನವೂ ಆಡಿದ ಮಾತು ಸುಮ್ಮನೆ ಹೋಗುವುದಿಲ್ಲ. ಅದೂ ಆ ಬಾಲಕನು ಬೆಳೆಯುವ ಸಂಗದ ಒಂದು ಭಾಗವಾಗಿಬಿಡುತ್ತದೆ. ತಂದೆಯು ಮೊದಲು ಅವನನ್ನು ಎಬ್ಬಿಸಿ, ತನ್ನ ಪಕ್ಕದಲ್ಲಿ ಪೂಜೆಗೆ ಕೂಡಿಸಿಕೊಂಡು, ಪಂಕ್ತಿಯಲ್ಲಿ ಪ್ರಸಾದ ಬಡಿಸಲಿ. ಹಣದ ವಿಚಾರಣೆ ಆಮೇಲೆ ನಡೆಯಲಿ.