ಬಂದಳಿಕೆಯ ಹಕ್ಕು

ಮಾವಿನ ಮರದಲ್ಲಿ ಬಂದಳಿಕೆ ಕಂಡರೆ ಕತ್ತಿ ಹುಡುಕುವವರು ನಾವು. ಅನ್ಯರನ್ನು ಹೀರುವುದಕ್ಕೆ ಬದುಕುವ ಹಕ್ಕುಂಟೆ?

ಬಂದಳಿಕೆಗಾದರೂ ಹಸಿರೆಲೆಯುಂಟು. ಅರುಣಾಚಲದ ನಾಮ್‌ದಾಫಾ ಕಾಡಿನ ಅಪರೂಪದ ಸಪ್ರಿಯಾ ಹಿಮಾಲಯಾನಕ್ಕೆ ಎಲೆಯೂ ಇಲ್ಲ, ಕಾಂಡವೂ ಇಲ್ಲ. ದ್ರಾಕ್ಷಿಯ ಬಳಗದ ಕಾಡುಬಳ್ಳಿಯೊಳಗೆ ನೂಲಿನಂತೆ ಅಡಗಿದ್ದು, ಕೊನೆಗೆ ಅದರ ಬೇರಿನಿಂದ ಗೇಣಗಲದ ಕೆಂಪು ಹೂವಾಗಿ ಒಡೆಯುತ್ತದೆ. ಮೈತುಂಬ ಹಳದಿ ಚುಕ್ಕೆ. ಸಾಮಾನ್ಯವಾಗಿ ಸಸ್ಯಗಳಲ್ಲಿರುವ ಜೀನ್‌ಗಳಲ್ಲಿ ಶೇಕಡಾ 44ರಷ್ಟನ್ನು ಇದು ಕಳೆದುಕೊಂಡಿದೆಯೆಂದು 2021ರಲ್ಲಿ ತಿಳಿದುಬಂತು.

ಕಳ್ಳತನವೆನ್ನೋಣವೇ? ಕಳ್ಳನಿಗೆ ಬೇರೆ ದಾರಿಯುಂಟು, ಇದಕ್ಕಿಲ್ಲ. ‘ನಮ್ಮ ಅನ್ನ ತಿನ್ನಲು ಬಂದವರು’ ಎಂಬ ಮಾತನ್ನು ಪರಊರಿನಲ್ಲಿ ಕೇಳಿದವರು ನಾವು. ದುಡಿದೇ ತಿನ್ನುತ್ತೇವೆ, ಹೋಲಿಕೆ ಸಲ್ಲದು. ಆದರೂ ತೀರ್ಪು ಹೇಳಲು ನಾಲಿಗೆ ತಡೆಯುತ್ತದೆ.

ಈ ಹೂವು ಉಳಿಯಬೇಕಾದರೆ ಬಳ್ಳಿಯೂ ಅದು ಹಬ್ಬಿದ ಮರವೂ ಉಳಿಯಬೇಕು. ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಬದುಕದು.