ಮೊದಲನೆಯ ರೊಟ್ಟಿ

ಆಧಾರ ಭಾಗ: ಒಂದನೆಯ ಅರಸುಗಳು, 17ನೆಯ ಅಧ್ಯಾಯ, 8ರಿಂದ 16ನೆಯ ವಚನಗಳು. (ಓದಬಲ್ಲವರು ಈ ಭಾಗವನ್ನು ಸತ್ಯವೇದದಲ್ಲಿ ತೆರೆದು, ಓದಲು ಬಾರದ ಮನೆಯವರಿಗೆ ಮೊದಲು ಓದಿ ಕೇಳಿಸಲಿ.)



ಅಹಾಬನೆಂಬ ಅರಸನು ಇಸ್ರಾಯೇಲ್ಯರನ್ನು ಆಳುತ್ತಿದ್ದ ಕಾಲದಲ್ಲಿ ಮಳೆ ನಿಂತುಹೋಗಿ ಘೋರವಾದ ಕ್ಷಾಮ ಉಂಟಾಯಿತು. ಪ್ರವಾದಿಯಾದ ಎಲೀಯನು ನೀರು ಕುಡಿಯುತ್ತಿದ್ದ ಕೆರೀತ್ ಹಳ್ಳವೂ ಬತ್ತಿತು. ಆಗ ದೇವರು ಅವನನ್ನು ಕಣಜ ತುಂಬಿದ ಸಾಹುಕಾರನ ಮನೆಗೆ ಕಳುಹಿಸಲಿಲ್ಲ. ಚೀದೋನ್ ಸೀಮೆಯ ಚಾರೆಪ್ತವೆಂಬ ಊರಿನ ಒಬ್ಬ ಬಡ ವಿಧವೆಯ ಬಳಿಗೆ ಕಳುಹಿಸಿದನು. ಆಕೆ ಇಸ್ರಾಯೇಲ್ಯಳಲ್ಲ, ಅನ್ಯಜನದವಳು. ನಮ್ಮ ಕರ್ತನು ನಜರೇತಿನ ಸಭಾಮಂದಿರದಲ್ಲಿ ಬೋಧಿಸುವಾಗ ಈಕೆಯನ್ನೇ ನೆನಪಿಗೆ ತಂದನೆಂದು ಲೂಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸ್ವಾಮಿಯು ಮರೆಯದ ಆ ಹೆಂಗಸಿನಿಂದ ನಾವು ಕಲಿಯತಕ್ಕದ್ದು ಇರಲೇಬೇಕು.

ಪ್ರವಾದಿಯು ಊರಬಾಗಲಿಗೆ ಬಂದಾಗ ಆಕೆ ಸೌದೆ ಆರಿಸುತ್ತಿದ್ದಳು. ಮನೆಯಲ್ಲಿ ಉಳಿದದ್ದು ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ. ಅದನ್ನು ಸುಟ್ಟು ತಾನೂ ಮಗನೂ ತಿಂದು, ಆ ಮೇಲೆ ಸಾಯುವುದೇ ಎಂದು ಆಕೆ ನಿಶ್ಚಯಿಸಿದ್ದಳು. ಇಂಥವಳಿಗೆ ಎಲೀಯನು ಹೇಳಿದ್ದೇನು? ಹೆದರಬೇಡ, ನೀನು ನೆನಸಿದಂತೆಯೇ ಮಾಡು; ಆದರೆ ಮೊದಲು ನನಗೊಂದು ಚಿಕ್ಕ ರೊಟ್ಟಿಯನ್ನು ಮಾಡಿ ತಂದುಕೊಡು, ಆ ಮೇಲೆ ನಿನಗೂ ನಿನ್ನ ಮಗನಿಗೂ ಮಾಡಿಕೋ ಎಂಬದೇ.

ಪ್ರಿಯರೇ, ಈ “ಮೊದಲು” ಎಂಬ ಮಾತು ಎಷ್ಟು ಕಠಿಣವಾದದ್ದೆಂದು ತಾಯಂದಿರಿಗೆ ಗೊತ್ತು. ಬರಗಾಲದಲ್ಲಿ ಅಂಬಲಿಯ ಗಟ್ಟಿಯನ್ನು ಮಕ್ಕಳಿಗೆ ಬಡಿಸಿ, ತಿಳಿಯನ್ನು ಮಾತ್ರ ತಾನು ಕುಡಿದು ಮಲಗುವವಳು ತಾಯಿಯಲ್ಲವೋ? ಅಂಥ ತಾಯಿಯ ಕೈಯಿಂದ ಕೊನೆಯ ಹಿಟ್ಟನ್ನು ಕೇಳುವಷ್ಟು ದೇವರು ಹಸಿದವನೋ? ಈ ಪ್ರಶ್ನೆಯನ್ನು ಮರೆಮಾಚದೆ ವಿಚಾರಿಸೋಣ. ಇಲ್ಲಿ ಗಮನಿಸತಕ್ಕ ಸಂಗತಿಗಳು ಮೂರು ಇವೆ.

ಒಂದನೆಯದು, ಪ್ರವಾದಿಯು ರೊಟ್ಟಿಯನ್ನು ಕೇಳುವುದಕ್ಕೆ ಮುಂಚೆ ಭಯವನ್ನು ಬಿಡಿಸಿದನು. ಬಡವರ ಕೈಯನ್ನು ಹಿಡಿದು ನಿಲ್ಲಿಸುವುದು ಬಹುಮಟ್ಟಿಗೆ ಲೋಭವಲ್ಲ, ಹೆದರಿಕೆ. ನಾಳೆ ಏನಾಗುವುದೋ ಎಂಬ ಹೆದರಿಕೆಯೇ ಅನೇಕರ ಮನೆಯಲ್ಲಿ ಯಜಮಾನನಾಗಿ ಕುಳಿತು, ಮೊದಲನೆಯ ತುತ್ತನ್ನು ತಾನೇ ಉಣ್ಣುತ್ತದೆ. ಆ ಯಜಮಾನನನ್ನು ಎಬ್ಬಿಸಿ, ಆ ಸ್ಥಾನದಲ್ಲಿ ದೇವರನ್ನು ಕೂರಿಸುವುದೇ ದೇವರನ್ನು ಮೊದಲು ಮಾಡುವುದು.

ಎರಡನೆಯದು, ಪ್ರವಾದಿಯು ಕೇಳಿದ್ದು ಚಿಕ್ಕ ರೊಟ್ಟಿ. ಮಡಕೆಯನ್ನೆಲ್ಲಾ ಬಳಿದು ಕೊಡೆಂದು ಅವನು ಹೇಳಲಿಲ್ಲ. ದೇವರು ಅಳೆಯುವುದು ಗಾತ್ರವನ್ನಲ್ಲ, ಸರತಿಯನ್ನು. ಎಲ್ಲರೂ ಉಂಡು ತೇಗಿದ ಮೇಲೆ ಉಳಿದ ತಂಗಳು ದೊಡ್ಡ ಪಾತ್ರೆ ತುಂಬ ಇದ್ದರೂ ಅದು ಕಾಣಿಕೆಯಲ್ಲ. ಮೊದಲು ತೆಗೆದಿಟ್ಟ ಹಿಡಿಯು ಚಿಕ್ಕದಾದರೂ ಕಾಣಿಕೆಯೇ.

ಮೂರನೆಯದು, ಆ ರೊಟ್ಟಿಯನ್ನು ತಿಂದವನು ಹಸಿದ ಮನುಷ್ಯನು, ಪರದೇಶದಲ್ಲಿ ತಲೆಮರೆಸಿಕೊಂಡಿದ್ದ ದೇವರ ಸೇವಕನು. ದೇವರಿಗೆಂದು ತೆಗೆದದ್ದು ಬಾಗಲಲ್ಲಿ ನಿಂತಿದ್ದ ಹಸಿದವನ ಹೊಟ್ಟೆಗೆ ಸೇರಿತು.

ಆಕೆ ನಂಬಿ ಹಾಗೆಯೇ ಮಾಡಿದಳು. ಬಹು ದಿನಗಳ ವರೆಗೆ ಆ ಮನೆಯವರು ಉಂಡರು; ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ. ಆದರೆ ಆಕೆ ಐಶ್ವರ್ಯವಂತಳಾದಳೆಂದು ಎಲ್ಲಿಯೂ ಬರೆದಿಲ್ಲ. ಮಡಕೆ ಕಣಜವಾಗಲಿಲ್ಲ. ದಿನದಿನಕ್ಕೆ ಬೇಕಾದದ್ದು ದಿನದಿನಕ್ಕೆ ಇತ್ತು, ಅಷ್ಟೇ. ಇನ್ನೂ ಮುಂದೆ ಓದಿರಿ: 17ನೆಯ ವಚನದಲ್ಲಿ ಆಕೆಯ ಮಗನು ರೋಗದಲ್ಲಿ ಬಿದ್ದು ಉಸಿರು ನಿಂತುಹೋದನು. ದೇವರು ಅವನನ್ನು ತಿರುಗಿ ಬದುಕಿಸಿದ್ದು ನಿಜ. ಆದರೂ ಮೊದಲನೆಯ ರೊಟ್ಟಿಯನ್ನು ಕೊಟ್ಟ ಮನೆಗೂ ದುಃಖವು ಬಂದಿತು. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಿರಿ. ನೀನು ಇಂಥದ್ದನ್ನು ಮಾಡಿದರೆ ನಾನು ಇಷ್ಟು ಕೊಡುವೆನೆಂಬ ಹರಕೆಯ ಬುದ್ಧಿಯು ದೀಕ್ಷಾಸ್ನಾನ ಹೊಂದಿದವರಲ್ಲಿಯೂ ಉಳಿದಿರುತ್ತದೆ. ಹತ್ತು ಕೊಟ್ಟರೆ ನೂರು ಬರುವುದೆಂದು ಬೋಧಿಸುವವರೂ ಇದ್ದಾರೆ. ಅಂಥವರನ್ನು ನಂಬಬೇಡಿರಿ. ದೇವರಿಗೆ ಮೊದಲು ಕೊಡುವುದು ಕೇಡು ತಟ್ಟದಂತೆ ಕಟ್ಟಿಕೊಳ್ಳುವ ತಾಯತವಲ್ಲ. ಕೇಡು ಬಂದಾಗಲೂ ಆತನು ಮನೆಯಲ್ಲಿಯೇ ಇರುವನೆಂಬ ಭರವಸವೇ ನಮ್ಮ ಪ್ರತಿಫಲ.

ಹಾಗಾದರೆ ನಮ್ಮ ನಿತ್ಯ ಜೀವನದಲ್ಲಿ ಮೊದಲನೆಯ ರೊಟ್ಟಿ ಯಾವುದು?

ದಿನದಲ್ಲಿ ಅದು ಬೆಳಗಿನ ಮೊದಲ ಗಳಿಗೆ. ಬಿತ್ತನೆಯ ಕಾಲದಲ್ಲಿ, ಎತ್ತುಗಳನ್ನು ಹೂಡುವ ಅವಸರದಲ್ಲಿ ಪ್ರಾರ್ಥನೆಯನ್ನು ರಾತ್ರಿಗೆ ತಳ್ಳುತ್ತೇವೆ; ರಾತ್ರಿ ನಿದ್ರೆಯು ಅದನ್ನು ನುಂಗುತ್ತದೆ. ಇದನ್ನು ಬರೆಯುವವನಿಗೂ ಈ ದೋಷವುಂಟು. ಸಭೆಯ ಕೆಲಸಕ್ಕಾಗಿ ಓಡಾಡುತ್ತಾ ಸಭೆಯ ಕರ್ತನೊಡನೆ ಮಾತಾಡದೆ ಕಳೆದ ದಿನಗಳು ನನ್ನಲ್ಲಿ ಕಡಿಮೆಯಲ್ಲ. ನೇಗಿಲಿಗೆ ಕೈ ಹಾಕುವ ಮೊದಲು ಮನೆಯವರೆಲ್ಲರೂ ಕೂಡಿ ನಾಲ್ಕು ವಚನಗಳನ್ನು ಓದಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಜಗಳದಲ್ಲಿ ಅದು ಸಮಾಧಾನ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗೆಂದು ಕರ್ತನೇ ಮತ್ತಾಯನ 5ನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಟ್ಟಿದ್ದಾನೆ. ಬದುವಿನ ವ್ಯಾಜ್ಯಕ್ಕಾಗಿ ಅಣ್ಣನ ಮನೆಯ ನೀರನ್ನೂ ಮುಟ್ಟದವನು ಕರ್ತನ ಭೋಜನಕ್ಕೆ ಮೊದಲ ಸಾಲಿನಲ್ಲಿ ಬಂದರೆ, ಅವನು ದೇವರನ್ನು ಮೊದಲು ಮಾಡಿದವನಲ್ಲ, ತನ್ನನ್ನೇ ಮೊದಲು ಮಾಡಿದವನು.

ಗಳಿಕೆಯಲ್ಲಿ ಅದು ಕಣದಿಂದ ರಾಶಿ ಮನೆಗೆ ಬರುವ ಮೊದಲು ತೆಗೆದಿಡುವ ಪಾಲು. ಆದರೆ ಇಲ್ಲಿ ಒಬ್ಬರು, “ಅಯ್ಯನವರೇ, ಸಾಲಗಾರನು ಕಣದಲ್ಲಿಯೇ ನಿಂತಿರುವಾಗ ದೇವರ ಪಾಲನ್ನು ಹೇಗೆ ತೆಗೆಯಲಿ?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಾಲವನ್ನು ತೀರಿಸದೆ ಇರುವುದು ದುಷ್ಟರ ನಡತೆಯೆಂದು 37ನೆಯ ಕೀರ್ತನೆ ಹೇಳುತ್ತದೆ. ಕೂಲಿಯವನಿಗೆ ಹೊತ್ತು ಮುಳುಗುವುದರೊಳಗೆ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಆಜ್ಞೆ. ದೇವರಿಗೆ ಕೊಟ್ಟಾಯಿತೆಂಬ ನೆವದಿಂದ ತಂದೆತಾಯಿಗಳನ್ನು ಕೈಬಿಟ್ಟವರನ್ನು ಕರ್ತನು ಖಂಡಿಸಿದ್ದನ್ನು ಮಾರ್ಕನ 7ನೆಯ ಅಧ್ಯಾಯದಲ್ಲಿ ನೋಡುತ್ತೇವೆ. ಆದದರಿಂದ ಕೂಲಿಯವನ ಬೆವರನ್ನು ತಡೆದಿಟ್ಟು ಕಾಣಿಕೆಯ ಚೀಲಕ್ಕೆ ಹಾಕಬೇಡಿರಿ. ಅವನ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದೇ ದೇವರಿಗೆ ಸಲ್ಲುವ ಮೊದಲನೆಯ ರೊಟ್ಟಿ. ಇಲ್ಲದವನಿಂದ ದೇವರು ಕೇಳುವುದಿಲ್ಲ. ಇದ್ದುದಕ್ಕೆ ತಕ್ಕಂತೆ ಕೊಟ್ಟರೆ ಸಾಕೆಂದು ಪೌಲನು ಕೊರಿಂಥದವರಿಗೆ ಬರೆದನು. ಆದರೆ ನಮ್ಮನ್ನು ನಾವೇ ವಿಚಾರಿಸಿಕೊಳ್ಳೋಣ. ಮಗಳ ಮದುವೆಯ ಚಪ್ಪರಕ್ಕೂ ಊಟಕ್ಕೂ ನಾಲ್ಕು ಜನ ಮೆಚ್ಚಬೇಕೆಂದು ಸಾಲ ಮಾಡುವಾಗ ಬಾರದ ಬಡತನವು ದೇವರ ಪಾಲನ್ನು ತೆಗೆಯುವಾಗ ಮಾತ್ರ ನೆನಪಿಗೆ ಬರುವುದೇಕೆ?

ಬಡ ಸಭೆಗಳು ಇದನ್ನು ಮಾಡಿ ತೋರಿಸಿವೆ. ನಮ್ಮ ದೇಶದ ಈಶಾನ್ಯ ಮೂಲೆಯ ಮಿಜೋ ಬೆಟ್ಟಗಳಲ್ಲಿ 1910ರಿಂದ ಹಿಡಿ ಅಕ್ಕಿಯ ಪದ್ಧತಿ ನಡೆದುಬಂದಿದೆ. ಅಲ್ಲಿಯ ಕ್ರೈಸ್ತ ಹೆಂಗಸರು ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಒಲೆಯ ಮೇಲಿಡುವ ಮುಂಚೆಯೇ ಒಂದು ಹಿಡಿಯನ್ನು ಕರ್ತನ ಕೆಲಸಕ್ಕೆ ಬೇರೆ ತೆಗೆದಿಡುತ್ತಾರೆ. ಹಣವಿಲ್ಲದವರಿಗೂ ಹಿಡಿಯಿತ್ತು. ಆ ಹಿಡಿಗಳು ಕೂಡಿ ಸುವಾರ್ತೆಯ ಕೆಲಸಕ್ಕೆ ಆಧಾರವಾದವು.

ನಮ್ಮ ಕನ್ನಡ ಸೀಮೆಯನ್ನೂ ನೆನೆಯಿರಿ. 1876ರಿಂದ 1878ರ ವರೆಗಿನ ದೊಡ್ಡ ಬರವು ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳನ್ನು ಹಾಳುಗೆಡವಿತು. ಆಗ ದಿಕ್ಕಿಲ್ಲದೆ ಉಳಿದ ಅನೇಕ ಮಕ್ಕಳನ್ನು ಮಿಶನುಗಳ ಅನಾಥಶಾಲೆಗಳು ಸೇರಿಸಿಕೊಂಡವು. ಗುರುತಿಲ್ಲದವರ ಮಗುವಿಗಾಗಿ ಯಾರೋ ತಮ್ಮ ಊಟಕ್ಕೆ ಮೊದಲು ಒಂದು ಪಾಲನ್ನು ತೆಗೆದಿಟ್ಟದ್ದರಿಂದಲೇ ಆ ಮಕ್ಕಳು ಬದುಕಿದರು. ಅವರ ಸಂತಾನದವರು ಇಂದಿಗೂ ನಮ್ಮ ಸಭೆಗಳಲ್ಲಿ ಇರಬಹುದು; ಈ ಸಾಲನ್ನು ಓದುತ್ತಿರುವವರು ಅವರೇ ಆಗಿರಬಹುದು. ಇನ್ನೊಬ್ಬರ ಮೊದಲನೆಯ ರೊಟ್ಟಿಯಿಂದ ಉಳಿದವರು ತಮ್ಮ ಮೊದಲನೆಯ ರೊಟ್ಟಿಯನ್ನು ಹಿಡಿದಿಟ್ಟುಕೊಳ್ಳಬಹುದೋ?

ಪ್ರಿಯರೇ, ತಂದೆಯಾದ ದೇವರು ನಮಗೆ ಮಿಕ್ಕದ್ದನ್ನು ಕೊಡಲಿಲ್ಲ. ಏಕಜಾತನಾದ ಮಗನನ್ನೇ ಕೊಟ್ಟನು. ನಾಳೆ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ನಿಮ್ಮ ಮಡಕೆಯೊಳಗೆ ನೋಡಿರಿ. ಒಂದು ಹಿಡಿಯಾದರೂ ಇದ್ದರೆ ಹೆದರಬೇಡಿರಿ. ಮೊದಲನೆಯ ರೊಟ್ಟಿ ಯಾರದೆಂದು ಕೇಳಿಕೊಂಡು ತಟ್ಟಿರಿ. ಹಾಗೆ ಮಾಡುವ ಧೈರ್ಯವನ್ನು ಚಾರೆಪ್ತದ ವಿಧವೆಯ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.