ಹೊಂದಿದ ಉತ್ತರವೆಲ್ಲ ಸರಿಯುತ್ತರವೇ?

ಬೆಳಗಿನ ಪತ್ರಿಕೆ ಬಂದೊಡನೆ ನಮ್ಮಲ್ಲಿ ಅನೇಕರು ಮೊದಲು ತಿರುವುವುದು ಪದಬಂಧದ ಪುಟವನ್ನು. ಯುದ್ಧ, ಬೆಲೆಯೇರಿಕೆ, ಮಂತ್ರಿಗಳ ಹೇಳಿಕೆ ಎಲ್ಲವೂ ಸ್ವಲ್ಪ ಹೊತ್ತು ಕಾಯುತ್ತವೆ. ಚಹಾ ಆರುವ ಮೊದಲು ನಾಲ್ಕು ಸಾಲು ತುಂಬಿದರೆ ದಿನ ಚೆನ್ನಾಗಿ ಶುರುವಾಯಿತೆಂದು ಸಮಾಧಾನ. ಯಾರಿಗೂ ಕೇಡಿಲ್ಲದ ಚಟ. ಆದರೂ ಅದು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಒಂದು ಉತ್ತರ ಸರಿಯೆಂದು ನಾವು ತೀರ್ಮಾನಿಸುವುದು ಯಾವ ಬಲದಿಂದ?

ಪದಬಂಧ ಹುಟ್ಟಿದ್ದೇ ಪತ್ರಿಕೆಯಲ್ಲಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ ಆರ್ಥರ್ ವಿನ್ ವಜ್ರಾಕಾರದ ಮೊದಲ ಬಂಧವನ್ನು ಪ್ರಕಟಿಸಿದರು. ಅದರ ನ್ಯಾಯ ಸರಳ: ಅಡ್ಡಪದಕ್ಕೆ ಉದ್ದಪದವೇ ಸಾಕ್ಷಿ. ಅಮೆರಿಕದ ದಿನಪತ್ರಿಕೆಗಳ ಬಂಧಗಳಲ್ಲಿ ಸಾಮಾನ್ಯವಾಗಿ ಒಂದು ವಿಷಯಸೂತ್ರವೂ ಇರುತ್ತದೆ. ಉದ್ದನೆಯ ಕೆಲವು ಉತ್ತರಗಳನ್ನು ಅದೇ ದಾರದಲ್ಲಿ ಪೋಣಿಸಿರುತ್ತಾರೆ. ಎರಡು ಸಿಕ್ಕರೆ ಮೂರನೆಯದನ್ನು ಸುಳಿವು ಓದದೆಯೇ ಊಹಿಸಬಹುದು. ಸುಖ ಇರುವುದೂ ಅಲ್ಲಿ, ಅಪಾಯ ಇರುವುದೂ ಅಲ್ಲಿ.

1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಅಂದಿನ ‘ನ್ಯೂಯಾರ್ಕ್ ಟೈಮ್ಸ್’ ಪದಬಂಧವನ್ನು ರಚಿಸಿದವರು ಗಣಿತದ ಪ್ರಾಧ್ಯಾಪಕ ಜೆರೆಮಯಾ ಫ್ಯಾರೆಲ್. ನಡುವಿನ ಸಾಲಿನ ಸುಳಿವು, ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಯಾವುದು ಎಂದು. ಕ್ಲಿಂಟನ್ ಗೆದ್ದರೆಂದು ಬರೆದರೂ ಹೊಂದುತ್ತಿತ್ತು, ಬಾಬ್ ಡೋಲ್ ಗೆದ್ದರೆಂದು ಬರೆದರೂ ಹೊಂದುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ಹೆಸರಿಗೂ ಏಳೇಳು ಅಕ್ಷರ. ಕೆಳಮುಖದ ಸುಳಿವುಗಳೂ ಹಾಗೆಯೇ ಇದ್ದವು. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿಯನ್ನು ‘ಕ್ಯಾಟ್’ ಎಂದರೆ ಕ್ಲಿಂಟನ್, ‘ಬ್ಯಾಟ್’ ಎಂದರೆ ಡೋಲ್. ಕ್ಲಿಂಟನ್ ಹೆಸರನ್ನು ಮಾತ್ರ ಕಂಡ ಓದುಗರು ಪತ್ರಿಕೆ ಫಲಿತಾಂಶವನ್ನು ಮೊದಲೇ ಘೋಷಿಸಿತೆಂದು ಸಿಟ್ಟಾದರು. ತಾವು ಬರೆದ ಉತ್ತರವನ್ನು ಪತ್ರಿಕೆಯ ತಲೆಗೆ ಕಟ್ಟಿದರು.

ನಮ್ಮ ಬೆಂಗಳೂರಿನಲ್ಲಿ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯೂ ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1957ರಲ್ಲಿ ನ್ಯಾಯಾಲಯ ಅದನ್ನು ಜೂಜು ಎಂದಿತು. ಅಲ್ಲಿ ಬಹುಮಾನ ಸಲ್ಲುತ್ತಿದ್ದುದು ಹೆಚ್ಚು ಸೂಕ್ತವಾದ ಪದಕ್ಕಲ್ಲ, ಸಂಘಟಕರು ಮೊದಲೇ ಮೊಹರು ಮಾಡಿಟ್ಟ ಪದಕ್ಕೆ. ಉರ್ದು ಬಲ್ಲ ಮನೆಗಳಲ್ಲಿ ದೆಹಲಿಯ ‘ಶಮಾ’ ಮಾಸಿಕದ ಮುಅಮ್ಮಾ ಬಿಡಿಸಿದ ಹಿರಿಯರಿಗೂ ಈ ಪಾಡು ಗೊತ್ತಿತ್ತು. ಎರಡು ಪದಗಳೂ ಒಪ್ಪುವಂತಿದ್ದರೆ ಯಾವುದನ್ನು ಬರೆಯುವುದೆಂದು ಮನೆಮಂದಿಯೆಲ್ಲ ವಾದಿಸುತ್ತಿದ್ದರು.

ಕಾಗದದ ಮೇಲೆ ಇದು ಆಟ. ಮನುಷ್ಯರ ವಿಷಯದಲ್ಲಿ ಆಟವಲ್ಲ. ನಾವು ಏಳನೆಯ ತರಗತಿಯಲ್ಲಿದ್ದಾಗ ಪ್ರವಾಸಕ್ಕೆಂದು ಕೂಡಿಸಿದ ನಲವತ್ತು ರೂಪಾಯಿ ಕಾಣೆಯಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಅದೇ ವಾರ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಕೇಳಿದಾಗ ತಲೆ ತಗ್ಗಿಸಿದ. ಸೂತ್ರ ಸಿಕ್ಕಿತಲ್ಲ, ಉಳಿದುದನ್ನೆಲ್ಲ ನಾವೇ ತುಂಬಿದೆವು. ಅವನ ಮೌನವೂ ಹೊಂದಿತು, ಬಡತನವೂ ಹೊಂದಿತು. ಅವನು ಶಾಲೆ ಬಿಟ್ಟ, ಅದೂ ಹೊಂದಿತು. ಪರೀಕ್ಷೆಯ ಹೊತ್ತಿಗೆ ಹಣ ಹಳೆಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಬರೆದದ್ದನ್ನು ಅಳಿಸಬೇಕೆಂದು ನಾವು ನಾಲ್ವರು ಅವನ ಮನೆಗೆ ಹೋದೆವು. ಬಾಗಿಲಿಗೆ ಬೀಗವಿತ್ತು. ದುಡಿಯಲು ಹೋದ ಆ ಕುಟುಂಬದ ಊರು ಯಾರಿಗೂ ಗೊತ್ತಿರಲಿಲ್ಲ.

ಆ ಸುಳಿವುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಚಪ್ಪಲಿ ಹೊಸದೇ ಆಗಿತ್ತು, ತಲೆ ತಗ್ಗಿದ್ದೂ ನಿಜವೇ. ಆದರೆ ಅವಮಾನಗೊಂಡ ಮಗುವೂ ತಲೆ ತಗ್ಗಿಸುತ್ತದೆ. ಆ ಇನ್ನೊಂದು ಪದವನ್ನು ನಾವು ಆ ಮನೆಗಳಲ್ಲಿ ಒಮ್ಮೆಯೂ ಇಟ್ಟು ನೋಡಲಿಲ್ಲ. ನಮ್ಮ ಉತ್ತರವೂ ಮೊದಲೇ ಮೊಹರಾಗಿತ್ತು.

ಹಾಗಾದರೆ ಯಾರ ಬಗೆಗೂ ಏನನ್ನೂ ತೀರ್ಮಾನಿಸಬಾರದೇ ಎಂದು ಓದುಗರು ಕೇಳಬಹುದು. ತೀರ್ಮಾನಿಸದೆ ಬದುಕು ಸಾಗದು. ಬಾಡಿಗೆದಾರ, ಕೆಲಸದಾಳು, ನೆರೆಯವನು, ಪ್ರತಿಯೊಬ್ಬರ ವಿಷಯದಲ್ಲೂ ಏನಾದರೊಂದು ಬರೆಯಲೇಬೇಕಾಗುತ್ತದೆ. ಆದರೆ ಪದ ಹೊಂದಿತೆಂಬ ಸಂತೋಷ ಬೇರೆ, ಬೇರೆ ಪದ ಹೊಂದದೆಂದು ಪರೀಕ್ಷಿಸುವ ಶ್ರಮ ಬೇರೆ. ಮೊದಲನೆಯದು ಜಾಣತನ, ಎರಡನೆಯದು ನ್ಯಾಯ. ಶ್ರಮಕ್ಕೆ ಪುರುಸೊತ್ತಿಲ್ಲದಿದ್ದರೆ ಮನೆಯನ್ನು ಖಾಲಿ ಬಿಡುವುದೂ ಒಂದು ಪ್ರಾಮಾಣಿಕತೆ.

ಪದಬಂಧದ ಉತ್ತರ ನಾಳಿನ ಪತ್ರಿಕೆಯಲ್ಲಿ ಬರುತ್ತದೆ. ಮನುಷ್ಯರ ವಿಷಯದಲ್ಲಿ ಅದು ಎಷ್ಟೋ ಬಾರಿ ಬರುವುದೇ ಇಲ್ಲ. ಬಂದರೂ ಆಗ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಆದ್ದರಿಂದಲೇ ನಾವು ಪೆನ್ನು ಬಿಟ್ಟು ಪೆನ್ಸಿಲ್ ಹಿಡಿಯುವುದು ಒಳ್ಳೆಯದು.